ಹಲ್ಲುನೋವು ನಿಂತಿತು, ಊತ ಏರಿತು

ಪ್ರಶ್ನೆ: ನನ್ನ ತಾಯಿಗೆ 58 ವರ್ಷ, ಸಕ್ಕರೆ ಕಾಯಿಲೆಯಿದೆ. ಕೆಳದವಡೆಯ ಕೊನೆಯ ಹಲ್ಲು ಹುಳುಕಾಗಿ ತಿಂಗಳಿನಿಂದ ನೋಯುತ್ತಿತ್ತು. ಔಷಧಿ ಅಂಗಡಿಯಿಂದ ತಂದ ಮಾತ್ರೆಗಳಿಂದ ನೋವು ನಿಂತಿದೆಯಾದರೂ, ಎರಡು ದಿನಗಳಿಂದ ಗದ್ದದ ಕೆಳಗೆ ಊದಿಕೊಂಡು ಬಾಯಿ ತೆರೆಯುವುದೇ ಕಷ್ಟವಾಗಿದೆ. ಬಾವು ಇರುವಾಗ ಹಲ್ಲು ಕೀಳಿಸಬಾರದೆಂದು ಮನೆಯ ಹಿರಿಯರು ಹೇಳುತ್ತಾರೆ. ಊತ ಇಳಿಯುವವರೆಗೆ ಕಾಯಬಹುದೇ?
– ಓದುಗರು, ಹಾಸನ ಜಿಲ್ಲೆ

ಉತ್ತರ: ಒಂದು ದಿನವೂ ಕಾಯಬಾರದು. ನಿಮ್ಮ ಪತ್ರ ಕೈಸೇರಿದ ಕೂಡಲೇ ದೂರವಾಣಿಯಲ್ಲಿ ತಿಳಿಸಿದ್ದನ್ನೇ ಇತರ ಓದುಗರಿಗೂ ಉಪಯೋಗವಾಗಲೆಂದು ಇಲ್ಲಿ ವಿವರಿಸುತ್ತಿದ್ದೇನೆ.

ಹುಳುಕು ಹಲ್ಲಿನ ಒಳತಿರುಳನ್ನು ಮುಟ್ಟಿದಾಗ ನೋವು ತೀವ್ರವಾಗಿರುತ್ತದೆ. ತಿರುಳು ಸತ್ತುಹೋದಾಗ ಆ ನೋವು ತಾನಾಗಿ ನಿಲ್ಲುವುದುಂಟು. ಅದನ್ನೇ ಗುಣವಾಯಿತೆಂದು ಭಾವಿಸಿ ಸುಮ್ಮನಾಗುವವರನ್ನು ಕಂಡಾಗ ನನಗೆ ಬಹಳ ಸಂಕಟವಾಗುತ್ತದೆ. ಸತ್ತ ತಿರುಳಿಗೆ ರಕ್ತ ಹರಿಯದ ಕಾರಣ ನುಂಗಿದ ಆಂಟಿಬಯಾಟಿಕ್ ಅಲ್ಲಿಗೆ ತಲುಪುವುದಿಲ್ಲ. ಸೋಂಕು ಬೇರಿನ ತುದಿಯಿಂದ ಮೂಳೆಗೆ ಇಳಿಯುತ್ತದೆ. ಕೆಳದವಡೆಯ ಕೊನೆಯ ಎರಡು ಹಲ್ಲುಗಳ ಬೇರುಗಳು ಬಾಯಿಯ ತಳವನ್ನು ಹಿಡಿದಿರುವ ಸ್ನಾಯುವಿಗಿಂತಲೂ ಕೆಳಗಿರುವುದರಿಂದ, ನಾಲಿಗೆಯ ಕಡೆಯ ತೆಳುಮೂಳೆಯನ್ನು ಕೊರೆದು ಬಂದ ಸೋಂಕು ಬಾಯೊಳಗೆ ಒಡೆಯದೆ ನೇರವಾಗಿ ದವಡೆಯ ಅಡಿಗೆ ಹರಡುತ್ತದೆ. ಅದು ಎರಡೂ ಬದಿಗೆ ವ್ಯಾಪಿಸಿದಾಗ ನಾಲಿಗೆಯು ಮೇಲಕ್ಕೂ ಹಿಂದಕ್ಕೂ ತಳ್ಳಲ್ಪಟ್ಟು ಉಸಿರಿನ ದಾರಿ ಮುಚ್ಚಿಕೊಳ್ಳತೊಡಗುತ್ತದೆ. 1836ರಲ್ಲಿ ಇದನ್ನು ವಿವರಿಸಿದ ಜರ್ಮನಿಯ ವೈದ್ಯರ ಹೆಸರಿನಿಂದ ಇದಕ್ಕೆ ‘ಲುಡ್ವಿಗ್ ಆಂಜೈನಾ’ ಎನ್ನುತ್ತಾರೆ. ಹೃದಯದ ಆಂಜೈನಾಕ್ಕೂ ಇದಕ್ಕೂ ಸಂಬಂಧವಿಲ್ಲ. ಆಂಟಿಬಯಾಟಿಕ್‌ಗಳಿಲ್ಲದ ಕಾಲದಲ್ಲಿ ಈ ಸ್ಥಿತಿ ತಲುಪಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಾಯುತ್ತಿದ್ದರು. ಕುತ್ತಿಗೆಯ ಪದರಗಳ ನಡುವೆ ಕೀವು ಜಾರಿ ಎದೆಗೂಡಿಗೆ ಇಳಿಯಬಹುದು. ಮೇಲ್ದವಡೆಯ ಸೋಂಕು ಅಪರೂಪಕ್ಕೆ ಕಣ್ಣಿನ ಹಿಂದಿನ ರಕ್ತನಾಳಗಳನ್ನೂ ಸೇರುವುದುಂಟು.

ಹಿರಿಯರ ಮಾತಿಗೆ ಒಂದು ಆಧಾರವಿದೆ: ಕೀವು ತುಂಬಿದ ಜಾಗದಲ್ಲಿ ಮರಗಟ್ಟಿಸುವ ಚುಚ್ಚುಮದ್ದು ಸರಿಯಾಗಿ ಹಿಡಿಯುವುದಿಲ್ಲ. ಆದರೆ ಕಾಯುವುದು ಅದಕ್ಕೆ ಪರಿಹಾರವಲ್ಲ. ಉಸಿರಿನ ದಾರಿಯನ್ನು ಕಾಪಾಡಿ, ರಕ್ತನಾಳದ ಮೂಲಕ ಔಷಧ ಕೊಟ್ಟು, ಅಗತ್ಯವಿದ್ದರೆ ಪೂರ್ಣ ಅರಿವಳಿಕೆಯಲ್ಲಿ ಕೀವು ಹೊರಹಾಕಿ, ಮೂಲವಾದ ಹಲ್ಲನ್ನು ಆದಷ್ಟು ಬೇಗ ತೆಗೆಯುವುದೇ ಇಂದಿನ ಕ್ರಮ. ಆದ್ದರಿಂದ ಬಾಯಿ–ದವಡೆ ಶಸ್ತ್ರಚಿಕಿತ್ಸಕರೂ ಐಸಿಯು ಸೌಲಭ್ಯವೂ ಇರುವ ಆಸ್ಪತ್ರೆಯೇ ಬೇಕು.

ಸಕ್ಕರೆ ಕಾಯಿಲೆಯವರಲ್ಲಿ ಅಪಾಯ ಎರಡು ಬಗೆಯದು. ಹತೋಟಿ ತಪ್ಪಿದ ಸಕ್ಕರೆಯು ಸೋಂಕನ್ನು ಎದುರಿಸುವ ಬಿಳಿರಕ್ತಕಣಗಳ ಶಕ್ತಿಯನ್ನು ಕುಗ್ಗಿಸುತ್ತದೆ. ಸೋಂಕು ಸಕ್ಕರೆಯನ್ನು ಇನ್ನಷ್ಟು ಏರಿಸುತ್ತದೆ. ಬಾಯಿ ತೆರೆಯಲಾಗದೆ ಊಟ ಬಿಟ್ಟವರು ಎಂದಿನ ಮಾತ್ರೆ ಅಥವಾ ಇನ್ಸುಲಿನ್ ಪಡೆದರೆ ಸಕ್ಕರೆ ಒಮ್ಮೆಲೇ ಕುಸಿಯಲೂಬಹುದು. ಇದನ್ನು ಮನೆಯವರು ಸಾಮಾನ್ಯವಾಗಿ ಗಮನಿಸುವುದಿಲ್ಲ.

ಜೊಲ್ಲು ನುಂಗಲಾಗದೆ ಸುರಿಯುವುದು, ಮಾತು ಬಾಯಲ್ಲಿ ತುತ್ತಿಟ್ಟುಕೊಂಡವರಂತೆ ಕೇಳಿಸುವುದು, ನಾಲಿಗೆ ಮೇಲೇಳುವುದು, ಗದ್ದದ ಕೆಳಭಾಗ ಹಲಗೆಯಂತೆ ಗಟ್ಟಿಯಾಗುವುದು, ಇವುಗಳಲ್ಲಿ ಒಂದು ಕಂಡರೂ ರಾತ್ರಿಯೆಂದು ನೋಡದೆ 108ಕ್ಕೆ ಕರೆ ಮಾಡಿರಿ. ಊತಕ್ಕೆ ಹೊರಗಿನಿಂದ ಶಾಖ ಕೊಡಬೇಡಿರಿ. ರೋಗಿಯನ್ನು ಅಂಗಾತ ಮಲಗಿಸದೆ, ಕುಳ್ಳಿರಿಸಿಯೇ ಕರೆದೊಯ್ಯಿರಿ. ಈವರೆಗೆ ನುಂಗಿದ ಎಲ್ಲ ಮಾತ್ರೆಗಳ ಹಾಳೆಗಳು ಜೊತೆಯಲ್ಲಿರಲಿ.