ಪ್ರತಿಕ್ರಿಯೆ: ಹನ್ನೊಂದನೇ ಕ್ಲಾಸಿನಲ್ಲೇ ಕಾಲೇಜಿನ ಇಂಗ್ಲಿಷ್ ಕಾಂಪೊಸಿಷನ್

ಮಗಳಿಗೆ ಡ್ಯುಯಲ್ ಎನ್‌ರೋಲ್‌ಮೆಂಟ್, ಅಂದರೆ ಅಮೆರಿಕದ ಹೈಸ್ಕೂಲಿನಲ್ಲಿದ್ದಾಗಲೇ ಕಾಲೇಜಿನ ಕೋರ್ಸ್ ಮಾಡುವುದು, ಕಷ್ಟವಾಗುತ್ತಾ ಅಂತ ಕೇಳಿದ್ದೀರಿ. ವ್ಯಾಕರಣದ ಚಿಂತೆ ಬಿಡಿ, ಕಷ್ಟ ಇರುವುದು ವಾದ ಕಟ್ಟುವುದರಲ್ಲಿ. ನನ್ನ ಮಗ ಇಂಗ್ಲಿಷ್ ಕಾಂಪೊಸಿಷನ್‌ಗೆ, ಅಂದರೆ ಪ್ರಬಂಧ ಬರೆಯುವ ಕೋರ್ಸಿಗೆ, ಐದು ಪ್ಯಾರಾ ನೀಟಾಗಿ ಬರೆದು ಕೊಟ್ಟಿದ್ದ. ಮಾರ್ಜಿನ್‌ನಲ್ಲಿ ಮೂರು ಕಡೆ ಪ್ರೊಫೆಸರ್ ಬರೆದಿದ್ದು ಒಂದೇ ಪ್ರಶ್ನೆ: "ಸರಿ, ಅದರಿಂದೇನು?" ಕೋಟ್ ಹಾಕಿ ಸುಮ್ನೆ ಮುಂದೆ ಹೋಗಿದ್ದ, ಅದು ತನ್ನ ಮಾತಿಗೆ ಹೇಗೆ ಆಧಾರ ಅಂತ ಬರೆದಿರಲಿಲ್ಲ. ಅದನ್ನು ತಿದ್ದುವುದಕ್ಕೇ ಜಾಸ್ತಿ ಹೊತ್ತು ಬೇಕಾಯಿತು. ಎಂಎಲ್‌ಎ ಫಾರ್ಮ್ಯಾಟ್, ಅಂದರೆ ಪುಟದ ವಿನ್ಯಾಸ ಮತ್ತು ಆಕರಗಳನ್ನು ನಮೂದಿಸುವ ಕ್ರಮ, ಒಂದು ಸಂಜೆಯ ಕೆಲಸ ಅಷ್ಟೇ.

ಇನ್ನೊಂದು, ಈ ಗ್ರೇಡು ಕಾಲೇಜಿನ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ (ಅಧಿಕೃತ ಗ್ರೇಡ್ ದಾಖಲೆಯಲ್ಲಿ) ಉಳಿಯುತ್ತದೆ. ಎಪಿ (ಹೈಸ್ಕೂಲಿನಲ್ಲೇ ಕಲಿಸುವ ಕಾಲೇಜು ಮಟ್ಟದ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್ ಕೋರ್ಸ್) ಹಾಗಲ್ಲ, ಅಲ್ಲಿ ಮೇ ತಿಂಗಳ ಪರೀಕ್ಷೆಯ ಅಂಕದ ಮೇಲೆ ಕಾಲೇಜು ಕ್ರೆಡಿಟ್. ಪ್ರೊಫೆಸರ್‌ಗೆ ನೀವು ಇಮೇಲ್ ಮಾಡಿದರೆ ಉತ್ತರ ಬರುವುದು ಅನುಮಾನ. ವಿದ್ಯಾರ್ಥಿಗಳ ದಾಖಲೆಯ ಗೌಪ್ಯತೆ ಕಾಯುವ ಅಮೆರಿಕದ ಫರ್ಪಾ ಕಾನೂನಿನಲ್ಲಿ ಕಾಲೇಜು ದಾಖಲೆಯ ಹಕ್ಕು ಅವಳದ್ದೇ, ಹದಿನಾರು ವರ್ಷವಾದರೂ. ಇಮೇಲ್ ಅವಳೇ ಬರೆಯಲಿ.