ಪಂಪ್ ಕೋಣೆಯ ನಿದ್ದೆ

ಮುಂಬೈನ ಮುಲುಂಡ್ ಕಡೆಯ ಒಂದು ಹೌಸಿಂಗ್ ಸೊಸೈಟಿಯ ಕಾರ್ಯದರ್ಶಿ ತಮ್ಮ ಕಟ್ಟಡದ ದುರಸ್ತಿ ಕೆಲಸಗಾರನನ್ನು ಆಪ್ತಸಲಹೆಗೆಂದು ನನ್ನ ಬಳಿ ಕರೆತಂದರು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ನಲವತ್ತು ದಾಟಿದ ವಯಸ್ಸು, ವಿಜಯಪುರದ ಕಡೆಯವನು. ಒಂಬತ್ತು ವರ್ಷಗಳಿಂದ ಆ ಕಟ್ಟಡದ ನಲ್ಲಿ, ಪಂಪು, ದೀಪ ಎಲ್ಲ ಈತನದೇ ಕೈಯಲ್ಲಿ.

“ಮೊದಲು ಕರೆದರೆ ಓಡಿ ಬರುತ್ತಿದ್ದ. ಈಗ ಮೈಗಳ್ಳ. ಸಂಬಳ ಹೆಚ್ಚಿಸಿದರೂ ಅಷ್ಟೇ,” ಎಂದರು ಉಡುಪಿ ಮೂಲದ ಆ ಹಿರಿಯರು.

ಕೆಂಪಗಿದ್ದ ಕಣ್ಣು ನೋಡಿ ಕುಡಿತವಿರಬೇಕೆಂದು ನಾನೂ ಎಣಿಸಿದೆ. ನನ್ನ ಎಣಿಕೆ ತಪ್ಪಾಗಿತ್ತು.

ಎರಡನೆಯ ಭೇಟಿಯಲ್ಲಿ ಒಬ್ಬನನ್ನೇ ಕೂರಿಸಿ, ಎದ್ದಲ್ಲಿಂದ ದಿನಚರಿ ಹೇಳಿ ಎಂದೆ. ಪಾಲಿಕೆಯ ನೀರು ಬರುವುದು ನಸುಕಿನ ನಾಲ್ಕೂವರೆಗೆ. ನೆಲದಡಿಯ ಟ್ಯಾಂಕ್ ತುಂಬುತ್ತಿದ್ದಂತೆ ಪಂಪು ಹಾಕಿ ಮೇಲಿನದಕ್ಕೆ ಏರಿಸಬೇಕು. ಉಕ್ಕಿ ಹರಿದರೆ ಬೈಗುಳ, ಕಡಿಮೆಯಾದರೆ ಹದಿನಾಲ್ಕನೆಯ ಮಹಡಿಯಿಂದ ಫೋನು. ಮಲಗುವುದು ಪಂಪ್ ಕೋಣೆಯಲ್ಲೇ. ರಾತ್ರಿ ಹನ್ನೊಂದಕ್ಕೂ ಯಾರದೋ ಗೀಸರ್ ಕೆಟ್ಟಿರುತ್ತದೆ. ಹೇಳುತ್ತಲೇ ಜೇಬಿನಿಂದ ಟೆಸ್ಟರ್ ತೆಗೆದ. ಸೀಳಿದ ಹಿಡಿಗೆ ಕಪ್ಪು ಟೇಪು ಸುತ್ತಿತ್ತು. “ಹೊಸದು ಕೇಳಿ ನಾಲ್ಕು ತಿಂಗಳಾಯಿತು, ಮೇಡಂ. ಈಗ ಕೇಳುವುದನ್ನೇ ಬಿಟ್ಟಿದ್ದೇನೆ.”

ಸಂಬಳ, ಕೆಲಸದ ಜಾಗ, ಮೇಲ್ವಿಚಾರಣೆ ಸರಿಯಿದ್ದರೆ ಗೊಣಗಾಟ ನಿಲ್ಲುತ್ತದೆ, ಆದರೆ ಹುರುಪು ಬರುವುದು ಮೆಚ್ಚುಗೆ ಮತ್ತು ಹೊಣೆಗಾರಿಕೆಯಿಂದ ಎಂದು ಮನಶ್ಶಾಸ್ತ್ರಜ್ಞ ಫ್ರೆಡ್ರಿಕ್ ಹರ್ಜ್‌ಬರ್ಗ್ 1959ರಲ್ಲಿ ವಾದಿಸಿದ. ಆತ ಮಾತನಾಡಿಸಿದ್ದು ಎಂಜಿನಿಯರುಗಳನ್ನು, ಲೆಕ್ಕಿಗರನ್ನು. ಪಂಪ್ ಕೋಣೆಗೆ ಇಳಿದವನಲ್ಲ. ಇಲ್ಲಿ ಮೆಚ್ಚುಗೆಯ ಮಾತು ಆಮೇಲಿನದು, ಮೊದಲು ನಿದ್ದೆ ಬೇಕಿತ್ತು.

ಆತನಿಗೆ ಹೇಳಿದ್ದು: ಆ ಟೆಸ್ಟರ್ ಹಿಡಿದು ವಿದ್ಯುತ್ ಕೆಲಸಕ್ಕೆ ಕೈ ಹಾಕಬೇಡಿ, ಆಗುವುದಿಲ್ಲವೆಂದು ನೇರವಾಗಿ ಹೇಳಿ. ಮಧ್ಯಾಹ್ನ ಎರಡು ಗಂಟೆ ಮಲಗಿ, ಫೋನು ಕಾವಲುಗಾರನ ಬಳಿ ಇರಲಿ. ರಕ್ತದೊತ್ತಡವನ್ನೂ ಪರೀಕ್ಷಿಸಿಕೊಳ್ಳಿ.

ಕಾರ್ಯದರ್ಶಿಗಳೊಂದಿಗೆ ತುಸು ಖಾರವಾಗಿಯೇ ಮಾತನಾಡಿದೆ. ಅರವತ್ತು ಮನೆಗಳಿಗೆ ಅರವತ್ತು ಯಜಮಾನರಾದರೆ ಯಾರ ಕೆಲಸವೂ ಆಗದು. ದೂರುಗಳೆಲ್ಲ ಒಂದು ಪುಸ್ತಕದಲ್ಲಿರಲಿ, ಕೆಲಸ ಒಪ್ಪಿಸುವವರು ನೀವೊಬ್ಬರೇ ಆಗಿರಿ. ರಾತ್ರಿ ಒಂಬತ್ತರ ನಂತರ ಲಿಫ್ಟ್ ನಿಂತರೆ, ನೀರು ನುಗ್ಗಿದರೆ ಮಾತ್ರ ಕರೆಯಿರಿ. ಟ್ಯಾಂಕ್ ತುಂಬಿದೊಡನೆ ಪಂಪು ನಿಲ್ಲಿಸುವ ಫ್ಲೋಟ್ ಸ್ವಿಚ್ ಹಾಕಿಸಿ. ಮಲಗಲು ಬೇರೆ ಜಾಗ ಕೊಡಿ.

“ಸಭೆಯಲ್ಲಿ ಇಡಬೇಕಾಗುತ್ತದೆ,” ಎಂದರು.

ಮೂರು ವಾರಗಳ ಬಳಿಕ ಆತ ಒಬ್ಬನೇ ಬಂದ. ಜೇಬಿನಲ್ಲಿ ಹೊಸ ಟೆಸ್ಟರ್ ಇತ್ತು. ಮಲಗುವುದು ಈಗ ಸೊಸೈಟಿ ಕಚೇರಿಯ ಹಿಂದಿನ ಕೋಣೆಯಲ್ಲಿ. ಸ್ವಿಚ್‌ನ ವಿಷಯ ಇನ್ನೂ ಸಭೆಗೆ ಬಂದಿಲ್ಲವಂತೆ.