ಬಲಗಡೆ ಸೀಟಿನಲ್ಲಿ ಕೂತವನು ವಿದ್ಯಾರ್ಥಿಯೇ?

ಓದುಗರ ಪತ್ರ: ಆಸ್ಟ್ರೇಲಿಯಾದಲ್ಲಿ ವಿಮಾನ ಕಂಪನಿಯ ಯೋಜನೆಯಲ್ಲಿ ತರಬೇತಿ ಪಡೆಯುವ ಕೆಡೆಟ್ ಪೈಲಟ್‌ಗಳು, ಅವರ ಯೂನಿಯನ್ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಇನ್ನೂ ಕಲಿಯುತ್ತಿರುವ ಹುಡುಗರಿಗೆ ಯೂನಿಯನ್ ಯಾಕೆ? ಕಂಪನಿ ಕಲಿಸುತ್ತದೆ, ಕಲಿತವರು ಖರ್ಚು ಕೊಡುತ್ತಾರೆ. ಅದರಲ್ಲಿ ತಪ್ಪೇನಿದೆ? ಯೂನಿಯನ್‌ನವರಿಗೆ ಬೇಕಿರುವುದು ಚಂದಾ ಕಟ್ಟುವ ಹೊಸ ಸದಸ್ಯರು, ಅಷ್ಟೇ ಅಲ್ವಾ?

ಸಂಪಾದಕರ ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಅದರಲ್ಲಿ ಅರ್ಧ ನಿಜವಿದೆ. ಹಳೆಯ ಪೈಲಟ್‌ಗಳಿಗೆ ಕೆಡೆಟ್‌ಗಳ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿದ್ದಲ್ಲ. ಅದೇ ವಿಮಾನವನ್ನು ಕಡಿಮೆ ಸಂಬಳಕ್ಕೆ ಓಡಿಸುವವರು ಬಂದರೆ ನಾಳೆ ತಮ್ಮ ಸಂಬಳಕ್ಕೂ ಕುತ್ತು ಬರುತ್ತದೆ ಎಂಬ ಭಯವೂ ಅವರಿಗಿತ್ತು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದರೆ ಸ್ವಾರ್ಥ ಇದೆ ಅಂದ ಮಾತ್ರಕ್ಕೆ ವಾದ ಸುಳ್ಳಾಗುವುದಿಲ್ಲ.

ಈಗ 'ಕಲಿಯುತ್ತಿರುವ ಹುಡುಗರು' ಅನ್ನುವ ಮಾತಿಗೆ ಬರೋಣ. ನಮ್ಮಿಬ್ಬರ ಜಗಳ ಇರುವುದು ಈ ಎರಡು ಪದಗಳಲ್ಲೇ. ಕೆಡೆಟ್ ಮೊದಲು ಫ್ಲೈಯಿಂಗ್ ಸ್ಕೂಲಿಗೆ ಹೋಗುತ್ತಾನೆ. ಸಣ್ಣ ವಿಮಾನ ಹಾರಿಸಿ ಕಮರ್ಷಿಯಲ್ ಲೈಸೆನ್ಸ್ ಪಡೆಯುತ್ತಾನೆ. ಅಲ್ಲಿಯವರೆಗೆ ಅವನು ವಿದ್ಯಾರ್ಥಿಯೇ, ನೀವು ಹೇಳಿದ್ದು ಸರಿ. ಆಮೇಲೆ ಟೈಪ್ ರೇಟಿಂಗ್. ಅಂದರೆ ಕಂಪನಿ ಬಳಸುವ ದೊಡ್ಡ ಜೆಟ್ ಯಾವುದೋ, ಅದನ್ನೇ ಸಿಮ್ಯುಲೇಟರ್‌ನಲ್ಲಿ ಕಲಿಯುವುದು. ಅದು ಮುಗಿದ ಮೇಲೆ ಲೈನ್ ಟ್ರೈನಿಂಗ್. ಇಲ್ಲಿ ಹುಡುಗ, ಅಥವಾ ಹುಡುಗಿ, ಬಲಗಡೆ ಸೀಟಿನಲ್ಲಿ ಕೂರುತ್ತಾರೆ. ಎಡಗಡೆ ಟ್ರೈನಿಂಗ್ ಕ್ಯಾಪ್ಟನ್. ಹಿಂದೆ ದುಡ್ಡು ಕೊಟ್ಟು ಕೂತ ನಿಜವಾದ ಪ್ರಯಾಣಿಕರು. 'ಇವತ್ತು ಬಲಗಡೆ ಕೂತವರು ಹೊಸಬರು' ಅಂತ ಟಿಕೆಟ್ಟಿನಲ್ಲಿ ಯಾರೂ ರಿಯಾಯಿತಿ ಕೊಡುವುದಿಲ್ಲ. ಪ್ರಯಾಣಿಕರಿಗೆ ಪೂರ್ತಿ ಪೈಲಟ್, ಸಂಬಳದ ಚೀಟಿಯಲ್ಲಿ ಮಾತ್ರ ಅರ್ಧ ಪೈಲಟ್ ಅಂದರೆ ಹೇಗೆ?

ಜೆಟ್‌ಸ್ಟಾರ್ ವಿಷಯದಲ್ಲಿ ಗಲಾಟೆಯಾದದ್ದು ಇದಕ್ಕೇ. ಕ್ವಾಂಟಸ್ ಗುಂಪಿನ ಈ ಅಗ್ಗದ ದರದ ಕಂಪನಿ 2010ರ ಹೊತ್ತಿಗೆ ಕೆಡೆಟ್ ಯೋಜನೆ ತಂದಿತು. ಆಸ್ಟ್ರೇಲಿಯಾದಲ್ಲಿ ಹಾರಬೇಕಿದ್ದ ಕೆಡೆಟ್‌ಗಳಿಗೆ ಕೊಟ್ಟದ್ದು ನ್ಯೂಜಿಲೆಂಡ್‌ನ ಉದ್ಯೋಗ ಒಪ್ಪಂದ. ವಿಮಾನ ಒಂದು ದೇಶದಲ್ಲಿ, ಕಾಗದ ಇನ್ನೊಂದು ದೇಶದಲ್ಲಿ! ಕ್ವಾಂಟಸ್ ಪೈಲಟ್‌ಗಳ ಯೂನಿಯನ್ ಆದ ಐಪಾ ಇದನ್ನು ಗಟ್ಟಿಯಾಗಿ ವಿರೋಧಿಸಿತು.

ತರಬೇತಿ ಖರ್ಚು ಕೆಡೆಟ್‌ಗಳೇ ಕೊಟ್ಟರೆ ತಪ್ಪೇನು ಅಂತ ಕೇಳಿದ್ದೀರಿ. ಆಸ್ಟ್ರೇಲಿಯಾದಲ್ಲಿ 'ಅವಾರ್ಡ್' ಅಂದರೆ ಶಾಲು ಹೊದಿಸಿ ಕೊಡುವ ಪ್ರಶಸ್ತಿಯಲ್ಲ. ಒಂದು ಕಸುಬಿನವರಿಗೆ ಕನಿಷ್ಠ ಎಷ್ಟು ಸಂಬಳ, ಎಂಥ ಷರತ್ತು ಇರಬೇಕು ಅಂತ ಕಾನೂನು ಕಟ್ಟಿಕೊಡುವ ನಿಯಮಾವಳಿ. ಆಗ ಪೈಲಟ್‌ಗಳಿಗೆ ಇದ್ದದ್ದು 2010ರ ಏರ್ ಪೈಲಟ್ಸ್ ಅವಾರ್ಡ್. ಕಂಪನಿ ಒಂದು ಬಗೆಯ ವಿಮಾನಕ್ಕೆ ಬೇಕಾದ ಅರ್ಹತೆ ಪಡೆಯಲೇಬೇಕು ಅಂತ ಪೈಲಟ್‌ಗೆ ಹೇಳಿದರೆ, ಆ ಖರ್ಚು ಕಂಪನಿಯದ್ದೇ ಅಂತ ಅದರಲ್ಲಿ ಬರೆದಿತ್ತು. ಜೆಟ್‌ಸ್ಟಾರ್ ಆ ಖರ್ಚನ್ನು ಆರು ಕೆಡೆಟ್‌ಗಳ ತಲೆಗೆ ಕಟ್ಟಿ ಸಂಬಳದಲ್ಲಿ ಹಣ ಮುರಿದುಕೊಂಡಿತು. ಕೆಲಸಗಾರರ ಹಕ್ಕಿನ ಕಾನೂನು ಪಾಲನೆ ನೋಡಿಕೊಳ್ಳುವ ಸರ್ಕಾರದ ಫೇರ್ ವರ್ಕ್ ಒಂಬುಡ್ಸ್‌ಮನ್ ಕೋರ್ಟಿಗೆ ಹೋಯಿತು. 2014ರಲ್ಲಿ ಫೆಡರಲ್ ಕೋರ್ಟ್ ಒಟ್ಟು 90,000 ಡಾಲರ್ ದಂಡ ಹಾಕಿತು. ವಿಮಾನ ಕಂಪನಿಗೆ ಅದು ಜುಜುಬಿ ಮೊತ್ತ. ಆದರೆ ಒಂದು ವಿಷಯ ಇತ್ಯರ್ಥವಾಯಿತು. 'ಕೆಡೆಟ್' ಅಂತ ಹೆಸರಿಟ್ಟ ಮಾತ್ರಕ್ಕೆ ಉದ್ಯೋಗಿಯ ಹಕ್ಕು ಹೋಗುವುದಿಲ್ಲ.

ಹಾಗಾದರೆ ಒಂಬುಡ್ಸ್‌ಮನ್ ಇದ್ದಾರಲ್ಲ, ಯೂನಿಯನ್ ಯಾಕೆ? ಒಂಬುಡ್ಸ್‌ಮನ್ ನೋಡುವುದು ಕಾನೂನು ಮುರಿದಿದೆಯಾ ಅಂತ. ಕನಿಷ್ಠಕ್ಕಿಂತ ಜಾಸ್ತಿ ಬೇಕು ಅಂತ ಕೇಳಲು ಕಂಪನಿಯ ಮುಂದೆ ಕೂತು ಚೌಕಾಸಿ ಮಾಡುವವರು ಬೇಕು. ಅಲ್ಲೊಂದು ತೊಡಕಿದೆ. ಅಲ್ಲಿ ನೋಂದಣಿಯಾದ ಪ್ರತಿ ಯೂನಿಯನ್‌ಗೂ ಯಾರು ತನ್ನ ಸದಸ್ಯರಾಗಬಹುದು ಅನ್ನುವ ನಿಯಮ ಪುಸ್ತಕ ಇರುತ್ತದೆ. ಅದರ ಗೆರೆಯಾಚೆ ಇರುವವರ ಪರವಾಗಿ ಯೂನಿಯನ್ ಮಾತುಕತೆಗೆ ಕೂರುವಂತಿಲ್ಲ. 'ಕವರೇಜ್' ಅಂತ ಅವರು ಕಿತ್ತಾಡುವುದು ಈ ಗೆರೆ ಎಲ್ಲಿ ಬೀಳಬೇಕು ಅನ್ನುವುದಕ್ಕೆ. ಗುತ್ತಿಗೆ ಕಾಗದದಲ್ಲಿ ಒಂದು ಪದ ಬದಲಾದರೆ ಸಾಕು, ಹೊಸ ಪೈಲಟ್ ಯಾವ ಕಡೆಗೂ ಸೇರದೆ ಉಳಿದುಬಿಡಬಹುದು.

ಅಲ್ಲಿ ಪೈಲಟ್‌ಗಳಿಗೆ ಒಂದಕ್ಕಿಂತ ಹೆಚ್ಚು ಯೂನಿಯನ್ ಇರುವುದೂ ತೊಡಕೇ. ಕ್ವಾಂಟಸ್‌ನವರು 1981ರಲ್ಲಿ ಪೈಲಟ್‌ಗಳ ಹಳೆಯ ಯೂನಿಯನ್ ಆದ ಫೆಡರೇಷನ್ ಬಿಟ್ಟು ಐಪಾ ಕಟ್ಟಿಕೊಂಡರು. 1989ರಲ್ಲಿ ದೇಶದೊಳಗೆ ಹಾರುತ್ತಿದ್ದ ಪೈಲಟ್‌ಗಳು ಫೆಡರೇಷನ್ ಮೂಲಕ ಶೇ. 29.47 ಸಂಬಳ ಏರಿಕೆ ಕೇಳಿದರು. ಪ್ರಧಾನಿ ಬಾಬ್ ಹಾಕ್ ಕಂಪನಿಗಳ ಪಕ್ಕ ನಿಂತು, ವಾಯುಪಡೆಯ ವಿಮಾನಗಳಲ್ಲಿ ಪ್ರಯಾಣಿಕರನ್ನು ಸಾಗಿಸಿದರು. ಪೈಲಟ್‌ಗಳು ಸಾಮೂಹಿಕವಾಗಿ ರಾಜೀನಾಮೆ ಕೊಟ್ಟರು, ಎಷ್ಟೋ ಮಂದಿ ಮತ್ತೆ ಆ ಕಾಕ್‌ಪಿಟ್‌ಗಳಿಗೆ ಮರಳಲೇ ಇಲ್ಲ. ಹಾಕ್ ಅವರೇ ಹಿಂದೆ ಕಾರ್ಮಿಕ ಸಂಘಟನೆಗಳ ದೊಡ್ಡ ನಾಯಕರಾಗಿದ್ದವರು, ನೆನಪಿರಲಿ. ಪೈಲಟ್‌ಗಳ ಯೂನಿಯನ್ ಅಂದರೆ ಕಂಪನಿಯನ್ನು ಮೊಣಕಾಲೂರಿಸುವ ದೈತ್ಯ ಅಂತ ನಿಮ್ಮ ಪತ್ರದ ಧಾಟಿಯಲ್ಲಿ ಕಂಡಿತು, ಅದಕ್ಕೆ ಇದನ್ನು ಹೇಳಿದೆ.

ಇದು ಬರೀ ದುಡ್ಡಿನ ವಿಷಯವೂ ಅಲ್ಲ. ಆಸ್ಟ್ರೇಲಿಯಾದ ಸೆನೆಟ್ ಸಮಿತಿಯೊಂದು ಪೈಲಟ್ ತರಬೇತಿ ಮತ್ತು ಸುರಕ್ಷತೆಯ ಬಗ್ಗೆ ವಿಚಾರಣೆ ನಡೆಸಿ 2011ರಲ್ಲಿ ವರದಿ ಕೊಟ್ಟಿತು. ಮೈತುಂಬ ಸಾಲ ಇರುವ ಹೊಸ ಪೈಲಟ್ 'ನನಗೆ ನಿದ್ದೆ ಸಾಲದು, ಇವತ್ತು ಹಾರಲಾರೆ' ಅಂತ ಫೋನ್ ಮಾಡುವನೇ? ಕಾನೂನಿನಲ್ಲಿ ಹಾಗೆ ಹೇಳುವ ಅವಕಾಶ ಇದೆ. ಹೇಳುವ ಧೈರ್ಯ ಬರಬೇಕಾದರೆ ಬೆನ್ನಿಗೆ ಯಾರಾದರೂ ಇರಬೇಕು.

ಕೊನೆಯದಾಗಿ, ನಮ್ಮ ತಪ್ಪು. ಕಳೆದ ಸಂಚಿಕೆಯ ಶೀರ್ಷಿಕೆಯಲ್ಲಿ 'ವಿದ್ಯಾರ್ಥಿ ಪೈಲಟ್‌ಗಳು' ಅಂತ ಹಾಕಿದ್ದು ನಾನೇ. ಸಾಲಿಗೆ ಸರಿಯಾಗಿ ಕೂರುತ್ತದೆ ಅಂತ ಸುಮ್ನೆ ಹಾಕಿಬಿಟ್ಟೆ. ಲೇಖನ ಬರೆದವರು ಆ ಪದವನ್ನು ಎಲ್ಲೂ ಬಳಸಿರಲಿಲ್ಲ.